ಬಾಗಿಲನ್ನು ಸೆಂಟಿಮೀಟರ್‌ನಲ್ಲಿ ಅಳೆದರೆ ತಪ್ಪಾ?

ನಾಲ್ಕನೇ ಕ್ಲಾಸಿನ ನಿಮ್ಮ ಮಗಳು ಬಾಗಿಲಿನ ಎತ್ತರ 210 ಸೆಂ.ಮೀ. ಅಂತ ಬರೆದಿದ್ದಾಳೆ, ಉತ್ತರದಲ್ಲಿ ಮೀಟರ್ ಇದೆ, ಅವಳದ್ದು ತಪ್ಪಾ ಅಂತ ಕೇಳಿದ್ದೀರಿ. ಖಂಡಿತ ತಪ್ಪಲ್ಲ. 210 ಸೆಂ.ಮೀ. ಅಂದರೂ 2.1 ಮೀಟರ್ ಅಂದರೂ ಉದ್ದ ಒಂದೇ. ಹೇಳಲು, ಬರೆಯಲು ಯಾವುದು ಸಲೀಸು ಅನ್ನೋದನ್ನಷ್ಟೇ ಪಾಠದಲ್ಲಿ ಕೇಳುತ್ತಾರೆ. ಪೆನ್ಸಿಲ್‌ಗೆ ಸೆಂಟಿಮೀಟರ್, ಬಾಗಿಲಿಗೆ ಮೀಟರ್, ಬೆಂಗಳೂರಿನಿಂದ ಮೈಸೂರಿಗೆ ಕಿಲೋಮೀಟರ್. ಪರೀಕ್ಷೆಗೆ ಇಷ್ಟು ಸಾಕು.

ನಾನು ಮನೆಗಳಿಗೆ ಕಪಾಟು, ಅಡುಗೆಮನೆ ಮರಗೆಲಸ ಮಾಡಿಸುವವನು. ದಿನವಿಡೀ ಟೇಪು ಕೈಯಲ್ಲೇ ಇರುತ್ತದೆ. ಅಳತೆ ಎಷ್ಟು ಆಚೀಚೆ ಆದರೆ ಕೆಲಸ ಕೆಡುತ್ತದೆ ಅನ್ನೋದನ್ನು ಮೊದಲು ನೋಡುತ್ತೇನೆ. ವಸ್ತು ದೊಡ್ಡದೋ ಚಿಕ್ಕದೋ ಅನ್ನೋದು ಆಮೇಲೆ.

ಪ್ಲೈವುಡ್ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. "8 ಬೈ 4, 18 ಎಂಎಂ ಕೊಡಿ" ಅಂತ ಕೇಳುತ್ತಾರೆ. ಹಾಳೆ ಒಂದೇ, ಉದ್ದ ಅಗಲ ಅಡಿಯಲ್ಲಿ, ದಪ್ಪ ಮಾತ್ರ ಮಿಲಿಮೀಟರ್‌ನಲ್ಲಿ. ಉದ್ದವನ್ನು ನಾವು ಹೇಗೂ ಕೊಯ್ದುಕೊಳ್ಳುತ್ತೇವೆ. ದಪ್ಪ 18ರ ಬದಲು 16 ಬಂದರೆ ಕಪಾಟಿನ ಪೂರ್ತಿ ಲೆಕ್ಕವೇ ಬದಲಾಗುತ್ತದೆ.

ಡ್ರಾಯರ್‌ನಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಕಪಾಟಿನ ಒಳ ಅಗಲ 450 ಮಿ.ಮೀ. ಇದೆ ಅಂದುಕೊಳ್ಳಿ. ಜಾರುವ ಚಾನೆಲ್ ಕೂರಲು ಎರಡೂ ಪಕ್ಕದಲ್ಲಿ ಸುಮಾರು 13 ಮಿ.ಮೀ. ಜಾಗ ಬೇಕು. ಹಾಗಾಗಿ ಡ್ರಾಯರ್‌ನ ಹೊರ ಅಗಲ 424 ಮಿ.ಮೀ. ಇದನ್ನೇ 43 ಸೆಂ.ಮೀ. ಅಂತ ಮಾಡಿಬಿಟ್ಟರೆ ಡ್ರಾಯರ್ ಒಳಗೇ ಹೋಗುವುದಿಲ್ಲ. 42 ಅಂದರೆ ಚಾನೆಲ್ ಸಡಿಲವಾಗಿ, ಪಕ್ಕಕ್ಕೆ ಪಟ್ಟಿ ಕೊಟ್ಟು ಕೂರಿಸಬೇಕು. ಹಳೇ ಬಡಗಿಗಳು ಈ ಜಾಗಕ್ಕೆ "ನಾಲ್ಕು ನೂಲು ಬಿಡು" ಅನ್ನುತ್ತಾರೆ. ಇಂಚಿಗೆ 8 ನೂಲು, ಅಂದರೆ ನಾಲ್ಕು ನೂಲು 12.7 ಮಿ.ಮೀ. ಅವರ ಲೆಕ್ಕವೂ ಪಕ್ಕಾ. ಮೆಟ್ರಿಕ್ ಕಾನೂನು 1956ರಲ್ಲೇ ಬಂದಿದ್ದರೂ ಸೈಟು ಇಂದಿಗೂ 30 ಬೈ 40 ಅಡಿ, ಟೈಲರ್ ಟೇಪು ಇಂಚಿನದು. ಮಕ್ಕಳಿಗೆ ಎರಡೂ ಗೊತ್ತಿರಲಿ: 1 ಇಂಚು ಅಂದರೆ ಸರಿಯಾಗಿ 25.4 ಮಿ.ಮೀ.

ಅದೇ ಮಲ್ಲಿಗೆ ಮಾರುವ ಅಮ್ಮ ಮೊಣಕೈಯಿಂದ ಬೆರಳ ತುದಿಯವರೆಗೆ ಹಿಡಿದು ಮೊಳ ಲೆಕ್ಕದಲ್ಲಿ ಕೊಡುತ್ತಾರೆ. ದಂಡೆ ಒಂದಿಂಚು ಆಚೀಚೆ ಆದರೂ ಮುಡಿಯುವವರಿಗೆ ಏನೂ ತೊಂದರೆ ಇಲ್ಲ ಅಲ್ವಾ? ಅಲ್ಲಿಗೆ ಮಿಲಿಮೀಟರ್ ತಂದರೆ ಸುಮ್ನೆ ಕೆಲಸ ಜಾಸ್ತಿ.

ಮಗಳ ಕೈಗೆ ಒಂದು ಟೇಪು ಕೊಡಿ. ಅಳೆಯುವ ಮೊದಲು ಅಂದಾಜು ಹೇಳಿಸಿ: ಮಂಚ, ಕಿಟಕಿ, ಚಮಚ, ಮೊಬೈಲಿನ ದಪ್ಪ. ಕೊನೆಗೆ ಪುಸ್ತಕದ ಒಂದು ಹಾಳೆಯ ದಪ್ಪ ಕೇಳಿ. ಸ್ಕೇಲಿಗೆ ಅದು ಸಿಗುವುದಿಲ್ಲ. 100 ಹಾಳೆ ಒಟ್ಟಿಗೆ ಒತ್ತಿ ಹಿಡಿದು ಅಳೆಯಲಿ. 10 ಮಿ.ಮೀ. ಬಂದರೆ ಒಂದು ಹಾಳೆ 0.1 ಮಿ.ಮೀ. ಪುಟದ ನಂಬರ್ ನೋಡಿ ಎಣಿಸುವುದಾದರೆ 200 ಪುಟ ಹಿಡಿಯಬೇಕು, ಹಾಳೆಗೆ ಎರಡು ಪುಟ ಇರುತ್ತದಲ್ಲ.