58 ಪರ್ಸೆಂಟ್ ಸಾಕಾ?

ಪ್ರಶ್ನೆ: ಅಕ್ಕಾ, ಪಿಯುಸಿ ಸೈನ್ಸ್‌ನಲ್ಲಿ 58 ಪರ್ಸೆಂಟ್ ಬಂದಿದೆ. ದನದ ಡಾಕ್ಟರ್ ಆಗುವ ಆಸೆ. ಇಷ್ಟು ಕಡಿಮೆ ಮಾರ್ಕ್ಸ್ ಇಟ್ಟುಕೊಂಡು ಅರ್ಜಿ ಹಾಕಿದರೆ ನಗುವುದಿಲ್ಲವೇ?
– ಓದುಗಿ, ಇಂಡಿ, ವಿಜಯಪುರ ಜಿಲ್ಲೆ

ಉತ್ತರ: ಯಾರು ನಗುತ್ತಾರೆ ತಂಗಿ? ಸುಮ್ನೆ ಹೆದರಬೇಡ. ಜನರಲ್ ಕೆಟಗರಿಗೂ ಅರ್ಹತೆಗೆ ಬೇಕಿರುವುದು 50 ಪರ್ಸೆಂಟ್, ಅದೂ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್‌ನ ಮಾರ್ಕ್ಸ್ ನೋಡಿ, ಆದ್ದರಿಂದ ಮೊದಲು ಆ ವಿಷಯಗಳದ್ದನ್ನು ಬೇರೆಯಾಗಿ ಕೂಡಿಸಿ ನೋಡು. ಆದರೆ ಅರ್ಹತೆ ಬೇರೆ, ಸೀಟು ಬೇರೆ ಅಲ್ವಾ? ಸೀಟು ಸಿಗಬೇಕಾದರೆ ಸಿಇಟಿಯಲ್ಲಿ ಚೆನ್ನಾಗಿ ಮಾಡಲೇಬೇಕು.

ನಿಮ್ಮದು ಹೊಲ ಇರುವ ಮನೆಯಾದರೆ ಕೃಷಿಕರ ಕೋಟಾ ಬಿಡಬೇಡ. ಅದಕ್ಕೆ ಪ್ರಾಕ್ಟಿಕಲ್ ಪರೀಕ್ಷೆ ಇದೆ. ಬೀಜ, ಗೊಬ್ಬರ, ಸಲಕರಣೆ ಗುರುತಿಸಬೇಕು. ಯೂರಿಯಾ ಯಾವುದು, ಡಿಎಪಿ ಯಾವುದು ಅಂತ ಅಪ್ಪನ ಜೊತೆ ಹೊಲಕ್ಕೆ ಹೋದವಳಿಗೆ ಕೋಚಿಂಗ್ ಯಾಕೆ! ದಾಖಲೆಗಳನ್ನು ಮಾತ್ರ ಈಗಲೇ ಮಾಡಿಸಿಡು, ಕೊನೆ ಗಳಿಗೆಯಲ್ಲಿ ಓಡಾಡಿ ಸಾಕಾಗುತ್ತದೆ. ನೀಟ್ ಬರೆದರೆ ದೇಶಮಟ್ಟದ 15 ಪರ್ಸೆಂಟ್ ಸೀಟುಗಳಿಗೂ ಪ್ರಯತ್ನಿಸಬಹುದು, ಅಲ್ಲಿ ಪೈಪೋಟಿ ಜಾಸ್ತಿ.

ಪಶುವೈದ್ಯ ಕೋರ್ಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಬೀದರ್, ಗದಗ, ನಿಮಗೆ ಅಷ್ಟು ದೂರವಲ್ಲದ ಅಥಣಿಯಲ್ಲೂ ಕಾಲೇಜು ಇದೆ. ಕಾಲೇಜಿನ ಆಯ್ಕೆ ತುಂಬುವಾಗ ಬೆಂಗಳೂರೇ ಬೇಕು ಅಂತ ಹಟ ಹಿಡಿಯಬೇಡ.