ಧ್ರುವೀಕೃತ ಬೆಳಕು ಬಿಟ್ಟರೂ ದ್ರವ ಸ್ಫಟಿಕ ಸಾಲುಗೂಡುತ್ತಿಲ್ಲ, ಏಕೆ?

ಪಾಲಿವಿನೈಲ್ ಸಿನ್ನಮೇಟ್ ಎಂಬ, ಬೆಳಕಿಗೆ ಸ್ಪಂದಿಸುವ ಪಾಲಿಮರ್ ಲೇಪಿಸಿದ ಗಾಜಿನ ಮುಂದೆ, ಒಂದೇ ದಿಕ್ಕಿನಲ್ಲಿ ಕಂಪಿಸುವ (ಧ್ರುವೀಕೃತ) ಬೆಳಕನ್ನಷ್ಟೇ ಬಿಡುವ ಪೋಲರಾಯ್ಡ್ ಹಾಳೆ ಇಟ್ಟು, ಅರ್ಧ ಗಂಟೆ ಅತಿನೇರಳೆ ದೀಪ ಉರಿಸಿದರೂ ದ್ರವ ಸ್ಫಟಿಕ (ದ್ರವದಂತೆ ಹರಿದರೂ ಕಡ್ಡಿಯಂಥ ಅಣುಗಳು ಒಂದೇ ದಿಕ್ಕಿಗೆ ಸಾಲುಗೂಡುವ ವಸ್ತು) ಒಂದು ದಿಕ್ಕಿಗೆ ನಿಲ್ಲಲಿಲ್ಲ ಎಂದೂ, ಅದು ಬೆಳಕು ಧ್ರುವೀಕೃತವಾಗಿರುವ ದಿಕ್ಕಿಗೇ ನಿಲ್ಲಬೇಕಲ್ಲವೇ ಎಂದೂ ಕೇಳಿದ್ದೀರಿ. ಹಾಸನದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನಾನು ಈ ಪ್ರಯೋಗದಲ್ಲಿ ಹಲವು ಸಲ ಸೋತವನು. ನಿಮ್ಮ ವಿವರಣೆ ಓದಿದರೆ ನನ್ನ ಅನುಮಾನ ಮೊದಲು ಹೋಗುವುದು ಆ ಪೋಲರಾಯ್ಡ್ ಹಾಳೆಯ ಮೇಲೆ.

ಸಿನ್ನಮೇಟ್ ಮುಖ್ಯವಾಗಿ 320 ನ್ಯಾನೊಮೀಟರ್‌ಗಿಂತ ಕಡಿಮೆ ತರಂಗಾಂತರದ ಬೆಳಕಿಗೆ ಸ್ಪಂದಿಸುತ್ತದೆ. ಅಯೋಡಿನ್ ಹೀರಿಸಿ ತಯಾರಿಸಿದ ಮಾಮೂಲಿ ಪೋಲರಾಯ್ಡ್ ಹಾಳೆಯಾದರೋ ಆ ಬೆಳಕನ್ನು ಬಹುಪಾಲು ತಾನೇ ನುಂಗಿಬಿಡುತ್ತದೆ. ಅತಿನೇರಳೆಗೆಂದೇ ಮಾಡಿದ ತಂತಿಜಾಲದ ಧ್ರುವೀಕಾರಕ ಸಿಗದಿದ್ದರೆ, ಕ್ವಾರ್ಟ್ಜ್ ಫಲಕಗಳನ್ನು ಒಂದರ ಹಿಂದೊಂದು ಜೋಡಿಸಿ, ಬೆಳಕು ಸುಮಾರು 56 ಡಿಗ್ರಿ ಕೋನದಲ್ಲಿ ಬೀಳುವಂತೆ ಓರೆಯಾಗಿ ನಿಲ್ಲಿಸಿ ನೋಡಬಹುದು. ಬೆಳಕು ಲೇಪನವಿರುವ ಮುಖಕ್ಕೇ ಬೀಳಬೇಕು, ಏಕೆಂದರೆ ಸಾಮಾನ್ಯ ಗಾಜು ಕೂಡ 300ರ ಕೆಳಗಿನದನ್ನು ತಡೆಯುತ್ತದೆ.

ಇನ್ನು ದಿಕ್ಕಿನ ವಿಚಾರ. ಬೆಳಕು ಇಲ್ಲಿ ಯಾವ ಅಣುವನ್ನೂ ತನ್ನತ್ತ ಎಳೆದು ನಿಲ್ಲಿಸುವುದಿಲ್ಲ. ಅಣುವಿನ ಅಕ್ಷಕ್ಕೂ ಬೆಳಕಿನ ವಿದ್ಯುತ್ ಕ್ಷೇತ್ರಕ್ಕೂ (ಅದು ಕಂಪಿಸುವ ದಿಕ್ಕೇ ಧ್ರುವೀಕರಣದ ದಿಕ್ಕು) ನಡುವಿನ ಕೋನದ ಕೊಸೈನ್ ವರ್ಗಕ್ಕೆ ತಕ್ಕಂತೆ ಹೀರಿಕೆ ನಡೆಯುವುದರಿಂದ, 60 ಡಿಗ್ರಿ ಓರೆಯಾಗಿರುವ ಅಣು ನೇರವಾಗಿರುವುದರ ಕಾಲು ಪಾಲು ಬೆಳಕನ್ನಷ್ಟೇ ಹೀರುತ್ತದೆ. ಕ್ಷೇತ್ರದ ದಿಕ್ಕಿಗೇ ಚಾಚಿಕೊಂಡಿದ್ದ ಸಿನ್ನಮೇಟ್ ಕೊಂಬೆಗಳು ಪಕ್ಕದವುಗಳೊಡನೆ ಜೋಡಿಯಾಗಿ ನಾಲ್ಕು ಇಂಗಾಲದ ಉಂಗುರ ಕಟ್ಟಿಕೊಂಡು ತಮ್ಮ ಕಡ್ಡಿಯಂಥ ಆಕಾರ ಕಳೆದುಕೊಳ್ಳುತ್ತವೆ, ಅಡ್ಡಕ್ಕಿದ್ದವು ಹಾಗೆಯೇ ಉಳಿಯುತ್ತವೆ. ದ್ರವ ಸ್ಫಟಿಕ ಆತುಕೊಳ್ಳುವುದು ಹೀಗೆ ಉಳಿದುಕೊಂಡವನ್ನು. ಆದ್ದರಿಂದ ಅದು ಧ್ರುವೀಕರಣಕ್ಕೆ ಲಂಬವಾಗಿ ನಿಲ್ಲುತ್ತದೆ. 1992ರಲ್ಲಿ ಷಾಟ್, ಚಿಗ್ರಿನೋವ್ ಮೊದಲಾದ ಸಂಶೋಧಕರು ಇದೇ ಪಾಲಿಮರ್‌ನಲ್ಲಿ ಪ್ರಕಟಿಸಿದ್ದು ಇದನ್ನೇ. (ಕೂಮರಿನ್ ಬಗೆಯ ಕೆಲವು ಪಾಲಿಮರ್‌ಗಳಲ್ಲಿ ಸ್ಫಟಿಕ ಸಮಾಂತರವಾಗಿಯೂ ನಿಲ್ಲುವುದುಂಟು.) ದೀಪವನ್ನು ಅತಿಯಾಗಿ ಉರಿಸಿದರೆ ಅಡ್ಡಕ್ಕಿದ್ದವೂ ಕ್ರಮೇಣ ಖರ್ಚಾಗಿ ದಿಕ್ಕಿನ ವ್ಯತ್ಯಾಸವೇ ಅಳಿಸಿಹೋಗುತ್ತದೆ.

ಕಣದಲ್ಲಿ ಹರವಿದ ಕಾಫಿಯ ಮೇಲೆ ಹಲ್ಲುಹಲಗೆ ಎಳೆದರೆ ಗೆರೆ ಏಳುವಂತೆ, ಪಾಲಿಇಮೈಡ್ ಎಂಬ ಪಾಲಿಮರ್‌ನ ಪದರವನ್ನು ಬಟ್ಟೆಯಿಂದ ಉಜ್ಜಿ ದಿಕ್ಕು ಕೊಡುವ ಹಳೆಯ ವಿಧಾನವೂ ನಿಮಗೆ ತಿಳಿದಿರಬಹುದು. ಅದು ಅಗ್ಗ, ಆದರೆ ಧೂಳನ್ನೂ ಸ್ಥಾಯೀ ವಿದ್ಯುತ್ತನ್ನೂ ಬಿಟ್ಟುಹೋಗುತ್ತದೆ.

ಉಪಕರಣ ಸಿಗದಿದ್ದರೆ ಬ್ರಿಲಿಯಂಟ್ ಯೆಲ್ಲೋ ಎಂಬ ಅಜೋ ಬಣ್ಣವನ್ನು ಬಳಸಿ ನೋಡಿ. ಅದು ನೀಲಿ ಎಲ್‌ಇಡಿ ಬೆಳಕಿಗೇ ಸ್ಪಂದಿಸುವುದರಿಂದ ನಿಮ್ಮ ಮಾಮೂಲಿ ಪೋಲರಾಯ್ಡ್ ಸಾಕಾಗುತ್ತದೆ. ಇದರ ಅಣುಗಳು ಬೆಳಕು ಹೀರಿದಾಗಲೆಲ್ಲ ಬಾಗಿ, ಮತ್ತೆ ನೆಟ್ಟಗಾಗುವಾಗ ಬೇರೆ ದಿಕ್ಕಿಗೆ ತಿರುಗುತ್ತ, ಕೊನೆಗೆ ಹೀರಿಕೆಯೇ ಇಲ್ಲದ ಲಂಬ ದಿಕ್ಕಿನಲ್ಲಿ ತಂಗುತ್ತವೆ. ಇದಕ್ಕೆ ಶತ್ರು ತೇವ. ಜುಲೈನಲ್ಲಿ, ಸಕಲೇಶಪುರದ ಕಡೆಯ ಮಳೆ ಇಲ್ಲಿಯವರೆಗೂ ಹಬ್ಬಿ ಪ್ರಯೋಗಾಲಯದ ಗೋಡೆಗಳೇ ಬೆವರುತ್ತಿದ್ದಾಗ, ನಾನು ಸ್ಪಿನ್ ಕೋಟರ್‌ನಲ್ಲಿ (ಗಾಜನ್ನು ಗಿರ್ರನೆ ತಿರುಗಿಸಿ ದ್ರಾವಣವನ್ನು ತೆಳುವಾಗಿ ಹರಡುವ ಯಂತ್ರ) ಲೇಪಿಸಿದ ಏಳು ಗಾಜುಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ಅದೇ ದ್ರಾವಣದ ಹೊಸ ತಯಾರಿಕೆ ಜನವರಿಯ ಒಣ ಮಧ್ಯಾಹ್ನದಲ್ಲಿ ಮೊದಲ ಯತ್ನದಲ್ಲೇ ಒದಗಿತು. ಜನವರಿಗೂ ಒಂದು ಕಿರಿಕಿರಿ ಇದೆ: ಇಂಥ ಪ್ರಯೋಗಗಳಲ್ಲಿ ಬಳಸುವ 5ಸಿಬಿ ಎಂಬ ವಸ್ತು ಸುಮಾರು 24 ಡಿಗ್ರಿಯಿಂದ 35 ಡಿಗ್ರಿ ಸೆಲ್ಸಿಯಸ್‌ವರೆಗಷ್ಟೇ ದ್ರವ ಸ್ಫಟಿಕವಾಗಿರುವುದರಿಂದ, ಹಾಸನದ ಬೆಳಗಿನ ಚಳಿಗೆ ಸೀಸೆಯಲ್ಲೇ ತುಪ್ಪದಂತೆ ಹೆಪ್ಪುಗಟ್ಟಿರುತ್ತದೆ. ಬಿಸಿಫಲಕದ ಮೇಲೆ 40 ಡಿಗ್ರಿಗೆ ಕಾಯಿಸಿ ಗಾಜುಗಳ ನಡುವೆ ತುಂಬಿ, ನಿಧಾನವಾಗಿ ತಣಿಸಿ. ಇಲ್ಲವಾದರೆ ದ್ರವ ಹರಿದ ದಿಕ್ಕನ್ನೇ ನೀವು ಬೆಳಕು ಕೊಟ್ಟ ದಿಕ್ಕೆಂದು ಭ್ರಮಿಸುವಿರಿ.

ಆಮೇಲೆ ಎರಡು ಪೋಲರಾಯ್ಡ್‌ಗಳನ್ನು ಪರಸ್ಪರ ಅಡ್ಡಲಾಗಿ ಹಿಡಿದು, ನಡುವೆ ಗಾಜನ್ನಿಟ್ಟು ತಿರುಗಿಸಿ. ಬೆಳಕು ಬಿದ್ದ ಭಾಗವೆಲ್ಲ 90 ಡಿಗ್ರಿಗೊಮ್ಮೆ ಒಟ್ಟಿಗೇ ಕಪ್ಪಾಗಬೇಕು. ಬೆಳಕು ಬೀಳದ ಅಂಚು ಮಾತ್ರ ಹೇಗೆ ತಿರುಗಿಸಿದರೂ ಮಚ್ಚೆಮಚ್ಚೆಯಾಗಿಯೇ ಕಾಣುತ್ತಿರುತ್ತದೆ.