ಸ್ಕಾಟ್ಲೆಂಡಿನ ಕೊರತೆ, ಎಣ್ಣೆ ಮತ್ತು ಸಾಲ

ಬ್ರಿಟನ್ನಿನಿಂದ ಸ್ಕಾಟ್ಲೆಂಡ್ ಬೇರೆಯಾಗುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಶಿವಮೊಗ್ಗದ ಓದುಗರೊಬ್ಬರು ಸಿಟ್ಟಾಗಿ ಬರೆದಿದ್ದಾರೆ: ‘ಬೇರೆ ದೇಶ ಕೇಳುವವರಿಗೆ ಕೊರತೆಯ ಲೆಕ್ಕ ತೋರಿಸಿ ಹೆದರಿಸುವುದು ಹಳೇ ಆಟ. ಲೆಕ್ಕ ಬರೆಯುವವರು ಲಂಡನ್ನಿನವರು. ಎಣ್ಣೆ ಸ್ಕಾಟ್ಲೆಂಡಿನದು. ಬ್ರಿಟನ್ನಿನ ಸಾಲ ನಮ್ಮದಲ್ಲ ಅಂದುಬಿಟ್ಟರೆ ಮುಗೀತಲ್ವಾ?’

ಉತ್ತರ: ಸಿಟ್ಟು ಸರಿ, ಆದರೆ ಕೊರತೆಯ (ಅಂದರೆ ಆದಾಯಕ್ಕಿಂತ ಹೆಚ್ಚಾದ ಸರ್ಕಾರಿ ಖರ್ಚಿನ) ಆ ಲೆಕ್ಕ ಬರೆಯುವುದು ಲಂಡನ್ ಅಲ್ಲ. ಅದನ್ನು ಶುರುಮಾಡಿದ್ದು 1990ರ ದಶಕದ ಬ್ರಿಟನ್ನಿನ ಕನ್ಸರ್ವೇಟಿವ್ ಸರ್ಕಾರ, ನಿಜ. ಈಗ ಪ್ರತಿವರ್ಷ ಪ್ರಕಟಿಸುವುದು ರಾಜಧಾನಿ ಎಡಿನ್‌ಬರೋದ ಸ್ಕಾಟಿಷ್ ಸರ್ಕಾರವೇ, ಅದೂ 2007ರಿಂದ ಸ್ವಾತಂತ್ರ್ಯ ಕೇಳುವ ಪಕ್ಷದ ಕೈಯಲ್ಲಿರುವ ಸರ್ಕಾರ. 2023–24ರಲ್ಲಿ ಅವರೇ ತೋರಿಸಿದ ಕೊರತೆ 2,270 ಕೋಟಿ ಪೌಂಡ್, ಜಿಡಿಪಿಯ ಶೇ 10.4. ಇಡೀ ಬ್ರಿಟನ್ನಿನದು ಶೇ 4.5. ಎಣ್ಣೆಯ ಪಾಲು ಸೇರಿಸಿದ ಮೇಲೂ ಇಷ್ಟು.

ಇದು ಒಕ್ಕೂಟದೊಳಗಿನ ಲೆಕ್ಕ, ಹಾಗಾಗಿ ಬೇರೆಯಾದ ಮೇಲೆ ಹೀಗೇ ಇರಬೇಕಿಲ್ಲ. ರಕ್ಷಣಾ ವೆಚ್ಚ, ಬ್ರಿಟನ್ನಿನ ಸಾಲದ ಬಡ್ಡಿ ಎಲ್ಲವನ್ನೂ ಜನಸಂಖ್ಯೆ ನೋಡಿ ಶೇ 8ರಷ್ಟು ಇವರ ತಲೆಗೆ ಕಟ್ಟಿರುತ್ತಾರೆ. ಸ್ಕಾಟ್ಲೆಂಡಿನ ಫಾಸ್ಲೇನ್ ನೌಕಾನೆಲೆಯಲ್ಲಿರುವ ಅಣ್ವಸ್ತ್ರ ಜಲಾಂತರ್ಗಾಮಿಗಳು ಬೇಡ ಅಂದರೆ ಸ್ವಲ್ಪ ಉಳಿಯುತ್ತದೆ. ಆದರೆ ಅಷ್ಟು ದೊಡ್ಡ ಗುಂಡಿ ಅದರಿಂದ ಮುಚ್ಚುವುದಿಲ್ಲ.

ಎಣ್ಣೆಯ ಕತೆ ಇನ್ನೂ ಸ್ವಾರಸ್ಯದ್ದು. 1974ರಲ್ಲಿ ಗ್ಯಾವಿನ್ ಮೆಕ್ರೋನ್ ಎಂಬ ಸರ್ಕಾರಿ ಅರ್ಥಶಾಸ್ತ್ರಜ್ಞ, ಬೇರೆಯಾದರೆ ಸ್ಕಾಟ್ಲೆಂಡಿಗೆ ಮುಜುಗರವಾಗುವಷ್ಟು ಹೆಚ್ಚುವರಿ ಹಣ ಬರುತ್ತದೆ ಅಂತ ಬರೆದಿದ್ದರು. ವರದಿಯನ್ನು ಗುಟ್ಟಾಗಿಟ್ಟರು, ಹೊರಗೆ ಬಂದದ್ದು 2005ರಲ್ಲಿ. ಆಗ ಬೇರೆಯಾಗಿದ್ದರೆ ನಾರ್ವೆಯ ಹಾಗೆ ನಿಧಿ ಕಟ್ಟಬಹುದಿತ್ತೇನೋ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಬೇರೆಯಾಗಬೇಕೇ ಎಂದು ಕೇಳಿದ 2014ರ ಜನಮತಕ್ಕೆ ಮುಂಚೆ ಸ್ಕಾಟಿಷ್ ಸರ್ಕಾರ ಬ್ಯಾರೆಲ್‌ಗೆ 110 ಡಾಲರ್ ಅಂತ ಹಿಡಿದು, 2016–17ರಲ್ಲಿ ಎಣ್ಣೆಯಿಂದ 680ರಿಂದ 790 ಕೋಟಿ ಪೌಂಡ್ ಬರುತ್ತದೆ ಅಂದಿತ್ತು. 2016ರ ಜನವರಿಗೆ ಬೆಲೆ 30 ಡಾಲರಿಗಿಂತ ಕೆಳಗೆ ಬಿತ್ತು. 2015–16ರಲ್ಲಿ ಕೈಗೆ ಸಿಕ್ಕಿದ್ದು ಸುಮಾರು 6 ಕೋಟಿ.

ಹಾಗಾಗಿ ಕೇಳಬೇಕಾದ್ದು, ಮೊದಲ ಐದು ವರ್ಷ ಸಾಲ ಕೊಡುವವರು ಯಾರು, ಯಾವ ನಾಣ್ಯದಲ್ಲಿ ಅನ್ನುವುದು. ಪೌಂಡ್ ಹಂಚಿಕೊಳ್ಳಲ್ಲ ಅಂತ ಬ್ರಿಟನ್ನಿನ ಆಗಿನ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಅದು ಬರೀ ಚುನಾವಣೆಯ ಬೆದರಿಕೆ ಅಂತಲೇ ಇಟ್ಟುಕೊಳ್ಳೋಣ. ಆದರೂ ಜೆಕ್ ಮತ್ತು ಸ್ಲೋವಾಕ್‌ನವರು 1993ರ ಜನವರಿ 1ಕ್ಕೆ ಸ್ನೇಹದಿಂದಲೇ ಬೇರೆಯಾಗಿ, ನಾಣ್ಯ ಒಂದೇ ಇರಲಿ ಅಂತ ಒಪ್ಪಿಕೊಂಡಿದ್ದರು. ಜನ ಹಣವನ್ನು ಜೆಕ್ ಬ್ಯಾಂಕುಗಳಿಗೆ ಸಾಗಿಸಿದರು, ಫೆಬ್ರವರಿ 8ಕ್ಕೆ ಆ ಒಪ್ಪಂದ ಮುಗಿದೇ ಹೋಯ್ತು. ನಮ್ಮನ್ನು ನಾವೇ ಆಳಿಕೊಳ್ತೀವಿ, ಕಷ್ಟ ಬಂದರೆ ಬರಲಿ ಅಂದರೆ ಅದು ಗೌರವದ ಮಾತು. ಮೊದಲ ದಿನದಿಂದಲೇ ಜೇಬು ತುಂಬುತ್ತದೆ ಅಂದರೆ ನಾನು ನಂಬುವುದಿಲ್ಲ.

ಇನ್ನು ನಿಮ್ಮ ಸಾಲದ ಪ್ರಶ್ನೆ. 2014ರ ಜನವರಿಯಲ್ಲಿ ಬ್ರಿಟನ್ನಿನ ಖಜಾನೆ, ಹಳೇ ಬಾಂಡುಗಳ (ಸಾಲಪತ್ರಗಳ) ಹೊಣೆಯೆಲ್ಲ ನಮ್ಮದೇ, ಸ್ಕಾಟ್ಲೆಂಡ್ ತನ್ನ ಪಾಲನ್ನು ನಮಗೆ ಕೊಡಲಿ ಅಂದಿತ್ತು. ಅಂದರೆ ಕೊಡಲ್ಲ ಅನ್ನಲು ದಾರಿ ಇದೆ, ಆದರೆ ಅದು ಚೌಕಾಸಿಯ ಮಾತು, ಬದಲಿಗೆ ಏನೋ ಬಿಟ್ಟುಕೊಡಬೇಕಾಗುತ್ತದೆ. ಐರ್ಲೆಂಡಿಗೆ ಬ್ರಿಟನ್ನಿನ ಸಾಲದ ಪಾಲು ಮನ್ನಾ ಆಗಿದ್ದು 1925ರ ಡಿಸೆಂಬರಿನಲ್ಲಿ. ಅದೇ ಒಪ್ಪಂದದಲ್ಲಿ ಡಬ್ಲಿನ್ನಿನ ಐರಿಷ್ ಸರ್ಕಾರ ಉತ್ತರ ಐರ್ಲೆಂಡಿನ ಜೊತೆಗಿನ ಗಡಿಯನ್ನು ಇದ್ದ ಹಾಗೇ ಒಪ್ಪಿಕೊಂಡಿತು.